ಖಾಲಿ ಸಾಲುಗಳು ಮೊದಲು

ಅಕ್ಕನ ಕಂಪ್ಯೂಟರಿನಲ್ಲಿ ಚಿತ್ರಗಳಿರಲಿಲ್ಲ. ಗುಂಡಿ ಒತ್ತಿದರೆ ಒಂದು ಕಪ್ಪು ಪರದೆ, ಅದರ ಎಡ ಮೂಲೆಯಲ್ಲಿ ಮಿಟುಕುವ ಒಂದು ಬಿಳಿ ಗೀಟು, ಅಷ್ಟೆ. ಏನನ್ನಾದರೂ ಟೈಪ್ ಮಾಡಿ ಕೇಳಿದರೆ ಅದು ಉತ್ತರ ಕೊಡುತ್ತಿತ್ತು. ಕೇಳದಿದ್ದರೆ ಮಿಟುಕುತ್ತ ಕಾದಿರುತ್ತಿತ್ತು. ಅಕ್ಕನೂ ಹಾಗೆಯೇ ಇದ್ದಳು. ಆದ್ದರಿಂದ ಆ ಯಂತ್ರದ ಮುಂದೆ ಕುಳಿತ ಮೊದಲ ಮಧ್ಯಾಹ್ನ ನನಗೆ ಹೊಸಬರ ಮನೆಗೆ ಬಂದಂತೆ ಅನ್ನಿಸಲಿಲ್ಲ. ಅನ್ನಿಸಿದ್ದು ಇಷ್ಟೇ: ಕೇಳಬೇಕಾದದ್ದನ್ನು ಕೇಳುವ ಧೈರ್ಯ ನನಗೆ ಅವಳ ಮುಂದೆಯೂ ಇರಲಿಲ್ಲ, ಇದರ ಮುಂದೆಯೂ ಇಲ್ಲ.

ಅವಳು ತೀರಿಕೊಂಡು ಏಳು ವಾರಗಳಾಗಿದ್ದವು. ಮೂರನೆಯ ಮಹಡಿಯ ಆ ಎರಡು ಬಾಡಿಗೆ ಕೋಣೆಗಳನ್ನು ತಿಂಗಳ ಕೊನೆಯೊಳಗೆ ಬಿಟ್ಟುಕೊಡಬೇಕಾಗಿತ್ತು. ಪಾತ್ರೆ, ಬಟ್ಟೆ, ಮಂಚ ಎಲ್ಲಕ್ಕೂ ಒಂದು ಗತಿ ಕಾಣಿಸಿದ್ದೆ. ಉಳಿದದ್ದು ಕಿಟಕಿಯ ಪಕ್ಕದ ಮೇಜು, ಅದರ ಮೇಲಿನ ಕಂಪ್ಯೂಟರು, ಕೂತು ಕೂತು ನಡು ತಗ್ಗಿದ ದಿಂಬಿನ ಒಂದು ಕುರ್ಚಿ. ಆ ತಗ್ಗು ಅವಳ ಅಳತೆಯದು. ನಾನು ಕೂತರೆ ಒಂದು ಪಕ್ಕಕ್ಕೆ ವಾಲುತ್ತಿದ್ದೆ. ಕಿಟಕಿಯಾಚೆ ಬಸ್ಸುಗಳ ದುರಸ್ತಿ ಶೆಡ್ಡಿನ ತಗಡಿನ ಸೂರು. ಮಧ್ಯಾಹ್ನ ಎರಡರಿಂದ ಐದರವರೆಗೆ ಬಿಸಿಲು ಆ ತಗಡಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಸರಿಯುವುದನ್ನು ನೋಡುತ್ತ, ನಾನು ಅವಳ ಕೊನೆಯ ಕೆಲಸವನ್ನು ಮುಗಿಸಲು ಹೆಣಗುತ್ತಿದ್ದೆ.

ಅಕ್ಕ ಊರಿನ ದೊಡ್ಡ ಗ್ರಂಥಾಲಯದ ಸೂಚಿ ವಿಭಾಗದಲ್ಲಿ ಮೂವತ್ತೈದು ವರ್ಷ ದುಡಿದವಳು. ಅಲ್ಲಿ ಅವಳನ್ನು ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ಎಲ್ಲರಿಗೂ ಅವಳು ಸೂಚಿಯಮ್ಮ. ಕಚೇರಿಯ ಪಟ್ಟಿಗಳಲ್ಲದೆ ಮನೆಯಲ್ಲಿ ಅವಳಿಗೆ ಇನ್ನೊಂದು ಪಟ್ಟಿಯಿತ್ತು: ನಮ್ಮ ಭಾಷೆಯ ಸಣ್ಣ ಪತ್ರಿಕೆಗಳಲ್ಲಿ ಅಚ್ಚಾದ ಕವಿತೆಗಳದು. ಮೂರು ಸಂಚಿಕೆ ಬದುಕಿದ ಪತ್ರಿಕೆ, ಐದು ಸಂಚಿಕೆ ಬದುಕಿದ ಪತ್ರಿಕೆ, ಮೊದಲ ಸಂಚಿಕೆಯಲ್ಲೇ ಎರಡನೆಯದಕ್ಕೆ ಚಂದಾ ಕೇಳಿ ಮಾಯವಾದ ಪತ್ರಿಕೆ. ಅಂಥವುಗಳಲ್ಲಿ ಬಂದ ಕವಿತೆಗಳು ಯಾವ ಸಂಕಲನಕ್ಕೂ ಸೇರದೆ ಉದುರಿಹೋಗುತ್ತವೆಂಬುದು ಅವಳ ಸಂಕಟ. ಒಂದು ಕವಿತೆಗೆ ಒಂದು ದಾಖಲೆ. ಒಂದು ದಾಖಲೆಗೆ ಆರು ಸಾಲು: ಕರ್ತೃ, ಶೀರ್ಷಿಕೆ, ಪತ್ರಿಕೆ, ವರ್ಷ, ಪುಟ, ಟಿಪ್ಪಣಿ. ಆಮೇಲೆ ಒಂದು ಖಾಲಿ ಸಾಲು, ಅದರ ಕೆಳಗೆ ಮುಂದಿನ ಕವಿತೆ. ಮೊದಲು ಕಾರ್ಡುಗಳಲ್ಲಿ ಬರೆದಳು. ನಿವೃತ್ತಿಯಾದ ಮೇಲೆ ಅವನ್ನೆಲ್ಲ ಒಂದೇ ಫೈಲಿಗೆ ಇಳಿಸಿದಳು. ನಾಲ್ಕು ಸಾವಿರದ ಮುನ್ನೂರ ಹನ್ನೆರಡು ಕವಿತೆಗಳು, ಸಿಕ್ಕಿದ ಸಿಕ್ಕಿದ ಕ್ರಮದಲ್ಲಿ.

ಗ್ರಂಥಾಲಯ ಅದನ್ನು ತನ್ನ ಸೂಚಿಗೆ ಸೇರಿಸಿಕೊಳ್ಳಲು ಒಪ್ಪಿತ್ತು. ಒಂದೇ ಷರತ್ತು: ಪಟ್ಟಿಯನ್ನು ಕರ್ತೃವಿನ ಹೆಸರಿನ ಅಕಾರಾದಿಗೆ ತಂದು, ಸಮಿತಿ ಕೂಡುವ ಗುರುವಾರದೊಳಗೆ ಕೊಡಬೇಕು. ಅಕ್ಕನ ಕೈಕೆಳಗೆ ಕೆಲಸ ಕಲಿತು ಈಗ ಅದೇ ವಿಭಾಗದ ಮುಖ್ಯಸ್ಥೆಯಾಗಿರುವ ಗ್ರಂಥಪಾಲಕಿ, ಅವರಿಗೂ ನಿವೃತ್ತಿಗೆ ಇನ್ನೆರಡೇ ವರ್ಷ, ಆ ಕೆಲಸವನ್ನು ತಾವೇ ಐದು ನಿಮಿಷದಲ್ಲಿ ಮಾಡುತ್ತೇನೆಂದರು. ನಾನು ಬೇಡವೆಂದೆ. ಅಕ್ಕನ ಕೆಲಸ, ಅವಳ ಕುರ್ಚಿಯಲ್ಲಿ ಕೂತು ನಾನೇ ಮುಗಿಸುತ್ತೇನೆ ಎಂದೆ. ಅದು ಅರ್ಧ ನಿಜ. ಉಳಿದ ಅರ್ಧವನ್ನು ಅವರಿಗೆ ಹೇಳಲಿಲ್ಲ: ಆ ಪಟ್ಟಿಯಲ್ಲಿ ನಾನಿದ್ದೇನೆಯೇ ಎಂದು ನನಗೆ ತಿಳಿಯಬೇಕಾಗಿತ್ತು, ಅದೂ ಯಾರ ಎದುರಿಗೂ ಅಲ್ಲದೆ.

ಒಂದು ಕಾಲದಲ್ಲಿ ನಾನು ಕವಿತೆ ಬರೆಯುತ್ತಿದ್ದೆ. ಭೂಮಾಪನದ ಕಚೇರಿಯಲ್ಲಿ ನಕ್ಷೆ ಬಿಡಿಸುವ ಕೆಲಸ. ಊಟದ ಬಿಡುವಿನಲ್ಲಿ ನಕ್ಷೆಯ ಹಾಳೆಯ ಚೂರುಗಳ ಮೇಲೆ ಕವಿತೆ. ಹನ್ನೊಂದು ಅಚ್ಚಾದವು. ಆಮೇಲೆ ಒಬ್ಬ ವಿಮರ್ಶಕ, ಬೇರೆ ಯಾರನ್ನೋ ಹೊಗಳುವ ಭರದಲ್ಲಿ, ನನ್ನ ಬಗ್ಗೆ ಒಂದು ವಾಕ್ಯ ಬರೆದ: ಇವು ಇತರರ ಕವಿತೆಗಳ ನೆರಳಿನಲ್ಲಿ ಕುಳಿತು ತಮಗೂ ಬಿಸಿಲು ತಾಗಿತೆಂದು ಹೇಳುವ ಕವಿತೆಗಳು. ವಾಕ್ಯ ಚೆನ್ನಾಗಿತ್ತು. ಅದೇ ನನ್ನನ್ನು ಕೊಂದಿತು. ಮೂವತ್ತೆರಡನೆಯ ವಯಸ್ಸಿನಲ್ಲಿ ನಾನು ಲೇಖನಿ ಕೆಳಗಿಟ್ಟೆ. ಆ ವಾರವೇ ಅಕ್ಕ, ಕಾರ್ಡುಗಳ ಕಟ್ಟನ್ನು ಮೇಜಿಗೆ ಕುಟ್ಟಿ ಅಂಚು ಸರಿಮಾಡುತ್ತ ಹೇಳಿದಳು:

"ಹನ್ನೊಂದಾಯ್ತು ಕಣೋ ಪುಟ್ಟ. ನಿನಗೂ ಒಂದು ಕಟ್ಟು ಮಾಡ್ತೀನಿ ಈ ಭಾನುವಾರ."

"ನನ್ನ ಹೆಸರು ನಿನ್ನ ಪಟ್ಟೀಲಿ ಬರಕೂಡದು."

"ಅಚ್ಚಾಗಿರೋದು ಅಚ್ಚಾಗಿದೆ. ಅದನ್ನ ಇಲ್ಲ ಅನ್ನೋಕೆ ನಾನ್ಯಾರೋ? ನೀನಾದ್ರೂ ಯಾರು?"

"ನನ್ನ ಹೆಸರು ಬರಕೂಡದು ಅಂದೆ. ಬರೆದೆಯೋ, ಮತ್ತೆ ಈ ಮನೆ ಮೆಟ್ಟಿಲು ಹತ್ತಲ್ಲ."

ಅವಳು ಕಾರ್ಡುಗಳಿಗೆ ರಬ್ಬರ್ ಬ್ಯಾಂಡ್ ಹಾಕಿದಳು. "ಆಯ್ತು," ಎಂದಳು.

ನಂತರದ ಮೂವತ್ತೆಂಟು ವರ್ಷ ನಮ್ಮ ನಡುವೆ ಕವಿತೆಯ ಮಾತು ಬರಲಿಲ್ಲ. ಪ್ರತಿ ಭಾನುವಾರ ನಾನು ಆ ಮೆಟ್ಟಿಲು ಹತ್ತಿದೆ. ನನ್ನ ಹೆಂಡತಿ ಇದ್ದಾಗ ಅವಳ ಜೊತೆ, ಅವಳು ಹೋದ ಮೇಲೆ ಒಬ್ಬನೇ. ಅಕ್ಕ ಮದುವೆಯಾಗಲಿಲ್ಲ, ನನಗೆ ಮಕ್ಕಳಾಗಲಿಲ್ಲ; ಮಾತಾಡಲು ನಮಗೆ ಉಳಿದದ್ದು ನಮ್ಮ ಮೈಯ ಮುರುಕು ಭಾಗಗಳು. "ಮಂಡಿ ಹೇಗಿದೆಯೋ?" "ಇದೆ." "ಇದ್ರೆ ಸಾಕು ಬಿಡು, ನನ್ನದು ಹೇಳದೆ ಕೇಳದೆ ಹೊರಟೇಹೋಗಿದೆ." ನಗುತ್ತಿದ್ದೆವು. ಚಹಾ ಕುಡಿಯುತ್ತಿದ್ದೆವು. ಮೇಜಿನ ಮೇಲೆ ಕಪ್ಪು ಪರದೆ ಮಿಟುಕುತ್ತಿರುತ್ತಿತ್ತು. ನಾನು ಅದರ ಕಡೆ ನೋಡುತ್ತಿರಲಿಲ್ಲ, ನಾನು ನೋಡುವುದಿಲ್ಲ ಎಂಬುದನ್ನು ಅವಳು ನೋಡುತ್ತಿದ್ದಳು.

ಸೋಮವಾರ ಮಧ್ಯಾಹ್ನ ನಾನು ವಿಂಗಡಣೆಗೆ ಕೈಹಾಕಿದೆ. ಗ್ರಂಥಪಾಲಕಿ ಫೋನಿನಲ್ಲಿ ಹೇಳಿದ್ದರು: ಈ ಯಂತ್ರದಲ್ಲಿ ಎರಡು ಸಲಕರಣೆಗಳಿವೆ. ಒಂದು ಎಲ್ಲ ಕಂಪ್ಯೂಟರುಗಳಲ್ಲೂ ಇರುವ ಸಾಧಾರಣ ಸಾರ್ಟ್. ಇನ್ನೊಂದು ಗ್ರಂಥಸೂಚಿಗಳಿಗೆಂದೇ ಮಾಡಿದ್ದು, ಸೂಚಿಯಮ್ಮ ಬಳಸುತ್ತಿದ್ದದ್ದು, ಹೆಸರು ಸ್ವಲ್ಪ ಉದ್ದ. ಅದನ್ನೇ ಬಳಸಿ, ಫಲಿತಾಂಶಕ್ಕೆ ಬೇರೆ ಫೈಲಿನ ಹೆಸರು ಕೊಡಿ. ಆ ಉದ್ದದ ಹೆಸರನ್ನು ನಾನು ಬಸ್ಸಿನ ಟಿಕೆಟ್ಟಿನ ಹಿಂದೆ ಬರೆದುಕೊಂಡಿದ್ದೆ, ಟಿಕೆಟ್ಟು ಬಸ್ಸಿನಲ್ಲೇ ಉಳಿಯಿತು. ವಿಂಗಡಣೆಯೆಂದರೆ ವಿಂಗಡಣೆ ತಾನೆ ಎಂದುಕೊಂಡು ಸಾರ್ಟ್ ಎಂದೇ ಟೈಪ್ ಮಾಡಿದೆ. ಬೇರೆ ಫೈಲಿನ ಹೆಸರೂ ಕೊಡಲಿಲ್ಲ. ಒಂದು ಕೆಲಸಕ್ಕೆ ಒಂದೇ ಹಾಳೆ, ತಪ್ಪಾದರೆ ಕೆರೆದು ಅದರ ಮೇಲೆಯೇ ತಿದ್ದು ಎಂಬುದು ನಮ್ಮ ನಕ್ಷೆ ಕಚೇರಿಯ ಶಿಸ್ತು. ಮೂವತ್ತು ವರ್ಷ ಮೈಗೂಡಿದ್ದು ಬೆರಳಿನಿಂದ ಅಷ್ಟು ಸುಲಭವಾಗಿ ಹೋಗುವುದಿಲ್ಲ. ಹಳೆಯ ಫೈಲಿಗೇ ಬರೆ ಎಂದು ಆಜ್ಞೆ ಕೊಟ್ಟು ಎಂಟರ್ ಒತ್ತಿದೆ.

ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ಫೈಲನ್ನು ತೆರೆದೆ. ಏನೂ ಇರಲಿಲ್ಲ.

ಕೆಳಗೆ ಸರಿಸಿದೆ. ಏನೂ ಇಲ್ಲ. ಪುಟ ಕೆಳಗೆ, ಇನ್ನೊಂದು ಪುಟ, ಇನ್ನೂ ಒಂದು. ಪರದೆ ಚಲಿಸುತ್ತಿತ್ತು, ಆದರೆ ಶೂನ್ಯದಿಂದ ಶೂನ್ಯಕ್ಕೆ. ತಗಡಿನ ಸೂರಿನ ಮೇಲೆ ಯಾರೋ ನಡೆದಂತೆ ಸದ್ದಾಯಿತು. ಬಿಸಿಲಿಗೆ ತಗಡು ಸಿಡಿಯುವ ಸದ್ದು ಅದು. ನಲವತ್ತು ವರ್ಷಗಳ ಅಕ್ಕನನ್ನು ನಾನು ಒಂದು ಬೆರಳಿನಲ್ಲಿ ಅಳಿಸಿದ್ದೆ. ಫೋನ್ ಎತ್ತಿಕೊಂಡೆ.

"ಮೇಡಂ, ಖಾಲಿ ಆಗೋಯ್ತು."

"ಏನು ಖಾಲಿ ಸಾರ್? ಮನೆನಾ?"

"ಫೈಲ್. ಏನೂ ಇಲ್ಲ. ಬರೀ ಖಾಲಿ."

"ಗಾಬರಿ ಆಗ್ಬೇಡಿ. ಕೆಳಗೆ ಹೋಗಿ ನೋಡಿದ್ರಾ?"

"ಹೋದೆ. ಎಷ್ಟು ಹೋದ್ರೂ ಖಾಲಿ."

"ಇನ್ನೂ ಹೋಗಿ. ಫೋನ್ ಇಡ್ಬೇಡಿ, ನಾನು ಇರ್ತೀನಿ."

ಅವರ ಉಸಿರು ಕಿವಿಯಲ್ಲಿರುವಂತೆಯೇ ನಾನು ಒತ್ತುತ್ತ ಹೋದೆ. ಬಹಳ ಹೊತ್ತಿನ ಮೇಲೆ, ಪಾತಾಳದಿಂದ ಎದ್ದು ಬಂದಂತೆ, ಅಕ್ಷರಗಳು ಕಂಡವು. ಮೊದಲು 'ಕರ್ತೃ' ಎಂಬ ಪದವಷ್ಟೇ ಇದ್ದ, ಮುಂದೆ ಏನೂ ಇಲ್ಲದ ಕೆಲವು ಸಾಲುಗಳು. ಆಮೇಲೆ ಕರ್ತೃ, ಕರ್ತೃ, ಕರ್ತೃ ಎಂದು ಹೆಸರುಗಳು, ಸಾವಿರಾರು. ಅವರ ಕವಿತೆಗಳು ಎಲ್ಲಿ? ಅವು ಬೇರೆಲ್ಲೋ, ಫೈಲಿನ ಆ ತುದಿಯಲ್ಲಿ, ಶೀರ್ಷಿಕೆಗಳೆಲ್ಲ ಒಂದು ಗುಂಪಾಗಿ. ನಡುವೆ ಪುಟಗಳೆಲ್ಲ ಒಂದು ಕಡೆ, ವರ್ಷಗಳೆಲ್ಲ ಒಂದು ಕಡೆ. ನೋಡಿದ್ದನ್ನು ನೋಡಿದಂತೆ ಹೇಳಿದೆ.

ಅತ್ತ ಕಡೆ ಗ್ರಂಥಪಾಲಕಿ ನಗಲು ಶುರುಮಾಡಿದರು. ಕೆಮ್ಮು ಬರುವವರೆಗೆ ನಕ್ಕರು.

"ಸಾರ್, ನೀವು ಸಾದಾ ಸಾರ್ಟ್ ಹೊಡೆದಿದ್ದೀರಿ. ಅದಕ್ಕೆ ಕವಿತೆ ಗೊತ್ತಿಲ್ಲ, ದಾಖಲೆ ಗೊತ್ತಿಲ್ಲ, ಗೊತ್ತಿರೋದು ಸಾಲು ಮಾತ್ರ. ಒಂದೊಂದೇ ಸಾಲು ಕಿತ್ತು ಅಕಾರಾದಿಗೆ ಹಾಕಿದೆ. ಗಂಡ ಒಂದು ಕಡೆ, ಹೆಂಡ್ತಿ ಒಂದು ಕಡೆ, ಮಕ್ಕಳು ಇನ್ನೊಂದು ಕಡೆ."

"ಮೊದಲಲ್ಲಿ ಇದ್ದದ್ದು? ಅಷ್ಟು ಖಾಲಿ?"

"ದಾಖಲೆ ದಾಖಲೆ ಮಧ್ಯೆ ಒಂದೊಂದು ಖಾಲಿ ಸಾಲು ಇತ್ತಲ್ಲ, ಅವೇ. ಏನೂ ಇಲ್ಲದ್ದು ಅ ಅಕ್ಷರಕ್ಕಿಂತಲೂ ಮೊದಲು ಬರುತ್ತೆ ಸಾರ್. ವಿಂಗಡಣೇಲಿ ಖಾಲಿಗೇ ಮೊದಲ ಮಣೆ."

ನಾಲ್ಕು ಸಾವಿರ ಕವಿತೆಗಳ ನಡುವಿನ ಮೌನಗಳನ್ನೆಲ್ಲ ಹೆಕ್ಕಿ ಯಂತ್ರ ಒಂದೆಡೆ ಸೇರಿಸಿತ್ತು. ನಾನು ಅಷ್ಟು ಹೊತ್ತು ಅದರೊಳಗೆ ನಡೆದಾಡಿದ್ದೆ.

"ಈಗ ಇದನ್ನ ಮತ್ತೆ ಸೇರಿಸೋಕೆ ಆಗುತ್ತಾ?"

"ಆಗಲ್ಲ. ಯಾವ ಪುಟ ಯಾವ ಕವಿತೇದು ಅಂತ ಆ ದೇವರಿಗೂ ಗೊತ್ತಾಗಲ್ಲ." ಅವರ ದನಿ ಮೆತ್ತಗಾಯಿತು. "ಸಾರ್, ಸೂಚಿಯಮ್ಮ ಪ್ರತಿ ಶನಿವಾರ ನನಗೊಂದು ನಕಲು ಕಳಿಸ್ತಿದ್ರು. ಆಸ್ಪತ್ರೆಗೆ ಸೇರೋ ಹಿಂದಿನ ಶನಿವಾರದ್ದೂ ಇದೆ. ಆಮೇಲೆ ಅವರು ಒಂದಕ್ಷರ ಸೇರಿಸಿಲ್ಲ. ನಾಳೆ ಬಂದು ತಗೊಂಡು ಹೋಗಿ. ಈ ಸಲ ಹೆಸರನ್ನ ಟಿಕೆಟ್ ಮೇಲೆ ಬರ್ಕೋಬೇಡಿ."

ನಾನು ಬಸ್ಸಿನ ಟಿಕೆಟ್ಟಿನ ವಿಷಯ ಅವರಿಗೆ ಹೇಳಿರಲಿಲ್ಲ. ನಮ್ಮ ವಯಸ್ಸಿನವರು ಎಲ್ಲಿ ಬರೆದುಕೊಳ್ಳುತ್ತಾರೆಂಬುದು ಅವರಿಗೆ ಗೊತ್ತಿತ್ತೆಂದು ಕಾಣುತ್ತದೆ.

ಫೋನ್ ಇಟ್ಟ ಮೇಲೆ ಆ ಛಿದ್ರವಾದ ಫೈಲಿನ ಮುಂದೆ ಇನ್ನೂ ಸ್ವಲ್ಪ ಹೊತ್ತು ಕುಳಿತಿದ್ದೆ. ಕರ್ತೃಗಳ ಸಾಲಿನಲ್ಲಿ ಇನ್ನಷ್ಟು ಕೆಳಗಿಳಿದಿದ್ದರೆ ನನ್ನ ಹೆಸರಿನ ಜಾಗ ಬರುತ್ತಿತ್ತು. ಇಳಿಯಲಿಲ್ಲ. ಇಷ್ಟು ಹಾಳುಮಾಡಿದ ಮೇಲೆ ಅಲ್ಲಿ ನನ್ನನ್ನು ಹುಡುಕುವುದು, ಬೆಂಕಿ ಬಿದ್ದ ಮನೆಯಲ್ಲಿ ಕನ್ನಡಿ ನೋಡಿಕೊಂಡಂತೆ ಅನ್ನಿಸಿತು.

ಮಂಗಳವಾರ ಬೆಳಿಗ್ಗೆ ಗ್ರಂಥಾಲಯದಿಂದ ನಕಲು ತಂದೆ. ಗ್ರಂಥಪಾಲಕಿ ಆಜ್ಞೆಯನ್ನು ಹಳೆಯ ಸೂಚಿ ಕಾರ್ಡೊಂದರ ಬೆನ್ನ ಮೇಲೆ ದುಂಡಗೆ ಬರೆದುಕೊಟ್ಟಿದ್ದರು: ಸಲಕರಣೆಯ ಹೆಸರು; ಮೊದಲು ಕರ್ತೃ, ಕರ್ತೃ ಒಂದೇ ಆದರೆ ಶೀರ್ಷಿಕೆ; ಎಲ್ಲಿಂದ ಓದಬೇಕು, ಎಲ್ಲಿಗೆ ಬರೆಯಬೇಕು. 'ಎಲ್ಲಿಗೆ' ಎಂಬುದರ ಕೆಳಗೆ ಎರಡು ಗೆರೆ ಎಳೆದಿದ್ದರು. ಮಧ್ಯಾಹ್ನ ಒಂದೊಂದೇ ಅಕ್ಷರ ನೋಡಿ ಟೈಪ್ ಮಾಡಿದೆ. ಮೂರು ಸಲ ಓದಿಕೊಂಡೆ. ಎಂಟರ್ ಒತ್ತಿದೆ.

ಈ ಸಲ ಅದು ಒಂದೆರಡು ಕ್ಷಣ ತೆಗೆದುಕೊಂಡಿತು. ಯೋಚಿಸುತ್ತಿದೆಯೇನೋ ಎಂಬಂತೆ. ಆಮೇಲೆ ಗೀಟು ಮತ್ತೆ ಮಿಟುಕಿತು.

ಹೊಸ ಫೈಲನ್ನು ತೆರೆದವನು ಮೊದಲ ಪುಟವನ್ನು ನೋಡುವ ವ್ಯವಧಾನ ತೋರಲಿಲ್ಲ. ನೇರವಾಗಿ ನನ್ನ ಅಕ್ಷರಕ್ಕೆ ಹೋದೆ. ದಾಖಲೆಗಳು ಈಗ ಇಡಿಯಾಗಿದ್ದವು. ಪ್ರತಿ ಕವಿಯೂ ತನ್ನ ಕವಿತೆಗಳನ್ನು ಸುತ್ತ ಕೂರಿಸಿಕೊಂಡಿದ್ದ. ಎಂದೋ ಒಂದು ಬಾರಿ ಕೈಕುಲುಕಿದ್ದವರು, ಒಟ್ಟಿಗೆ ಒಂದು ಸಂಚಿಕೆಯಲ್ಲಿ ಅಚ್ಚಾದವರು, ಸತ್ತವರು. ನನ್ನ ಹೆಸರಿಗಿಂತ ಮುಂಚೆ ಬರಬೇಕಾದವನು ಬಂದ, ಏಳು ಕವಿತೆಗಳೊಡನೆ. ಅವನ ಏಳನೆಯ ಕವಿತೆಯ ಕೆಳಗೆ ಒಂದು ಖಾಲಿ ಸಾಲು. ಅದರ ಕೆಳಗೆ, ನನ್ನ ಹೆಸರಿನ ನಂತರ ಬರಬೇಕಾದವನು.

ಒಂದು ಸಾಲಿನ ಅಂತರ. ಅಲ್ಲಿ ಯಾರಾದರೂ ಇರಬಹುದಿತ್ತೆಂಬ ಗುರುತೂ ಇರಲಿಲ್ಲ. ಬಸ್ಸಿನಲ್ಲಿ ಇಬ್ಬರು ಒತ್ತಿಕೊಂಡು ಕೂತಿರುವಾಗ ನಡುವೆ ಎದ್ದುಹೋದವನ ಜಾಗ ಹೇಗೆ ಕೂಡಲೇ ಮುಚ್ಚಿಕೊಳ್ಳುತ್ತದೋ ಹಾಗೆ.

ಅವಳು ಮಾತು ಉಳಿಸಿಕೊಂಡಿದ್ದಳು. ತಪ್ಪು ಯಾರದು? ನಾನೇ ಕೇಳಿದ್ದು, ಅವಳು ಕೊಟ್ಟದ್ದು. ಆದರೂ, ಮೂರು ಸಂಚಿಕೆ ಬದುಕಿದ ಪತ್ರಿಕೆಯ ಕೊನೆಯ ಪುಟದ ಮೂಲೆಯಲ್ಲಿ ಕೂತ ನಾಲ್ಕು ಸಾಲನ್ನೂ ಬಿಡದವಳು, ನನ್ನ ಹನ್ನೊಂದನ್ನು ಬಿಟ್ಟಿದ್ದಳು. ಮೂವತ್ತೆಂಟು ವರ್ಷ ನಾನು ಒಳಗೊಳಗೇ ನಂಬಿಕೊಂಡು ಬಂದದ್ದು, ಅವಳು ನನ್ನ ಮಾತು ಕೇಳಿರಲಾರಳು ಎಂದು. ಅವಳು ಅಕ್ಕನಲ್ಲವೇ, ಯಾವಾಗ ನನ್ನ ಮಾತು ಕೇಳಿದ್ದಳು?

ಚಿಕ್ಕವರಿದ್ದಾಗ ಅಪ್ಪ ತನ್ನ ಕಚೇರಿಯ ವಾಚನಾಲಯದಿಂದ ಪುಸ್ತಕ ತರುತ್ತಿದ್ದ. ಒಂದೇ ಪುಸ್ತಕ, ಮೂರೇ ದಿನ. ಇಬ್ಬರೂ ಓದಬೇಕಾದರೆ ಒಟ್ಟಿಗೇ ಓದಬೇಕು. ನೆಲದ ಮೇಲೆ ಹೊಟ್ಟೆಯಡಿಯಾಗಿ ಮಲಗಿ, ನಡುವೆ ಪುಸ್ತಕ ಇಟ್ಟು. ಅವಳ ಓದು ಕುದುರೆ, ನನ್ನದು ಬಸವನಹುಳು. ಅವಳು ಪುಟದ ಕೊನೆಗೆ ಬಂದು, ಮೂಲೆಯ ಅಡಿಗೆ ಬೆರಳು ತೂರಿಸಿ, ತಿರುವದೆ ಕಾಯುತ್ತಿದ್ದಳು. "ಆಯ್ತಾ?" ಎನ್ನುತ್ತಿದ್ದಳು. ನಾನು ಕೊನೆಯ ಸಾಲು ಮುಟ್ಟಿ "ಹೂಂ" ಎಂದ ಮೇಲೆಯೇ ಪುಟ ತಿರುಗುವುದು. ಎಷ್ಟೋ ಸಲ ಅವಳನ್ನು ಕಾಡಿಸಲೆಂದೇ ನಾನು ಓದಿ ಮುಗಿದರೂ 'ಹೂಂ' ಎನ್ನುತ್ತಿರಲಿಲ್ಲ. ಅವಳಿಗೆ ಗೊತ್ತಾಗುತ್ತಿತ್ತು. ಆದರೂ ತಿರುವುತ್ತಿರಲಿಲ್ಲ.

ಐದಕ್ಕೆ ಕೋಣೆಗೆ ಬೀಗ ಹಾಕಿ ಇಳಿದೆ. ಆ ಮೆಟ್ಟಿಲುಗಳು ಅಷ್ಟೊಂದು ಇವೆಯೆಂದು ನನಗೆ ಅದುವರೆಗೆ ಗೊತ್ತಿರಲಿಲ್ಲ.

ಬುಧವಾರ ಬೆಳಿಗ್ಗೆ ಫೈಲನ್ನು ಗ್ರಂಥಾಲಯಕ್ಕೆ ಒಯ್ದೆ. ಕೊಟ್ಟು ಬಂದುಬಿಡುವ ಅವಸರ ನನಗೆ. ಗ್ರಂಥಪಾಲಕಿ ಅದನ್ನು ತಮ್ಮ ಕಂಪ್ಯೂಟರಿಗೆ ಇಳಿಸಿಕೊಂಡು, ಇನ್ನೇನೋ ಆಜ್ಞೆ ಕೊಟ್ಟು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದರು.

"ಭೇಷ್ ಸಾರ್, ಒಂದೂ ಚದುರಿಲ್ಲ. ಆದ್ರೆ ಒಂದು ತೊಡಕಿದೆ. ಹನ್ನೆರಡು ದಾಖಲೇಲಿ ಕರ್ತೃ ಇಲ್ಲ."

"ಹನ್ನೆರಡಾ?"

"ಹೂಂ, ಹನ್ನೆರಡು. ಎಲ್ಲಾ ಮೇಲೇ ಕೂತಿವೆ. ಖಾಲಿ ಮೊದಲು ಅಂದಿದ್ನಲ್ಲ, ಹಾಗೆ. ನೋಡ್ಲಿಲ್ವಾ ನೀವು?"

ನೋಡಿರಲಿಲ್ಲ. ಹನ್ನೊಂದು ಎಂದಿದ್ದರೆ ಎದೆ ಧಸಕ್ಕೆನ್ನುತ್ತಿತ್ತು. ಹನ್ನೆರಡು ಎಂದಾಗ ಏನೂ ಹೊಳೆಯಲಿಲ್ಲ. ಅವರು ಪರದೆಯನ್ನು ನನ್ನ ಕಡೆ ತಿರುಗಿಸಿದರು.

ಕರ್ತೃ ಎಂಬ ಪದ, ಮುಂದೆ ಖಾಲಿ. ಶೀರ್ಷಿಕೆ: ಅಳತೆಗೆ ಸಿಗದ ಕೆರೆ. ಅದು ನಾನು ಇಪ್ಪತ್ತಾರನೆಯ ವಯಸ್ಸಿನಲ್ಲಿ ಬರೆದದ್ದು. ಅದರ ಕೆಳಗೆ ಮತ್ತೆ ಕರ್ತೃ, ಖಾಲಿ. ಎಳೆದಷ್ಟೂ ವಕ್ರವಾಗುವ ಗೆರೆ. ನನ್ನದೇ. ಕಚೇರಿಯ ಗಡಿಯಾರ, ನನ್ನದು. ಅವಳು ಒಂದನ್ನೂ ಬಿಟ್ಟಿರಲಿಲ್ಲ. ಪತ್ರಿಕೆ, ವರ್ಷ, ಪುಟ, ಎಲ್ಲ ಕೂದಲೆಳೆಯಷ್ಟೂ ತಪ್ಪಿಲ್ಲದೆ. ಒಂದರಲ್ಲಿ ಮಾತ್ರ ನಾನೇ ಮರೆತಿದ್ದ ಒಂದು ಅಚ್ಚಿನ ದೋಷವನ್ನೂ ಗುರುತು ಮಾಡಿದ್ದಳು. ಉಳಿದಂತೆ ಪ್ರತಿಯೊಂದರ ಟಿಪ್ಪಣಿಯೂ ಒಂದೇ: 'ಹೆಸರು ಬೇಡವೆಂದು ಕರ್ತೃವಿನ ಅಪೇಕ್ಷೆ.'

ಹೆಸರು ಬರಕೂಡದೆಂದಿದ್ದೆ. ಹೆಸರು ಬಂದಿರಲಿಲ್ಲ.

"ಸಾರ್, ನೀರು ಬೇಕಾ?"

"ಬೇಡ. ಇವು ನನ್ನವು."

ಅವರು ಒಮ್ಮೆ ಪರದೆಯನ್ನೂ ಒಮ್ಮೆ ನನ್ನನ್ನೂ ನೋಡಿದರು. "ನೀವು ಬರೀತಿದ್ರಾ? ಇಷ್ಟು ವರ್ಷದಲ್ಲಿ ಸೂಚಿಯಮ್ಮ ಒಂದು ಮಾತು ಬಾಯಿ ಬಿಟ್ಟಿಲ್ಲ ನೋಡಿ. ಹನ್ನೆರಡೂ ನಿಮ್ಮದೇನಾ?"

ನಾನು ಬೆರಳಿಟ್ಟು ಎಣಿಸುತ್ತ ಬಂದೆ. ಎಂಟನೆಯದರ ಬಳಿ ಬೆರಳು ನಿಂತಿತು. ಶೀರ್ಷಿಕೆ: ಪುಟದ ಮೂಲೆ. ನಾನು ಜಗಳವಾಡಿದ ಮರುವರ್ಷದ್ದು. ಆ ಹೊತ್ತಿಗೆ ನಾನು ಬರೆಯುವುದನ್ನಷ್ಟೇ ಅಲ್ಲ, ಸಣ್ಣ ಪತ್ರಿಕೆಗಳನ್ನು ಮುಟ್ಟುವುದನ್ನೂ ಬಿಟ್ಟಿದ್ದೆ. ಟಿಪ್ಪಣಿ ಅದೇ: 'ಹೆಸರು ಬೇಡವೆಂದು ಕರ್ತೃವಿನ ಅಪೇಕ್ಷೆ.'

"ಇದೊಂದು ನನ್ನದಲ್ಲ," ಎಂದೆ. "ಈ ಸಂಚಿಕೆ ನಿಮ್ಮಲ್ಲಿದೆಯಾ?"

ಇತ್ತು. ನೆಲಮಾಳಿಗೆಯ ಉಕ್ಕಿನ ಕಪಾಟುಗಳ ನಡುವೆ, ಒಂದು ಟ್ಯೂಬ್‌ಲೈಟು ಹತ್ತಲೋ ಬೇಡವೋ ಎಂದು ಯೋಚಿಸುತ್ತಿದ್ದ ಓಣಿಯಲ್ಲಿ, ಗ್ರಂಥಪಾಲಕಿ ಏಣಿಯ ಮೂರು ಮೆಟ್ಟಿಲು ಹತ್ತಿ ಒಂದು ತೆಳು ಸಂಪುಟವನ್ನು ಇಳಿಸಿದರು. ನಾಲ್ಕೇ ಸಂಚಿಕೆಗಳ ಬಾಳು. ಒಟ್ಟಿಗೆ ಹೊಲಿದು ರಟ್ಟು ಹಾಕಿತ್ತು. ಸೆರಗಿನಿಂದ ಧೂಳು ಒರೆಸಿ, ಪುಟ ಸಂಖ್ಯೆ ನೋಡಿ, ತೆರೆದು ನನ್ನ ಕೈಗಿತ್ತರು. ಬಲಪುಟದ ಕೆಳಭಾಗ. ಹೆಸರಿಲ್ಲದ ಎಂಟು ಸಾಲು.

ನೀನಿನ್ನೂ ಮೂರನೆಯ ಸಾಲಿನಲ್ಲಿದ್ದೆ,
ನಾನು ಪುಟದ ಅಂಚಿನಲ್ಲಿ.
ಕಥೆ ಆಚೆ ಬದಿಯಲ್ಲಿತ್ತು, ನನಗೆ ಆತುರ;
ಆದರೂ ತಿರುವಲಿಲ್ಲ.
ಈಗ ನೀನು ಪುಸ್ತಕ ಮುಚ್ಚಿ ಎದ್ದುಹೋಗಿದ್ದೀಯೆ.
ಬೆರಳು ಮಾತ್ರ ಅಲ್ಲೇ ಇದೆ, ಕಾಗದದ ಅಡಿಯಲ್ಲಿ,
ಬೆಚ್ಚಗೆ,
ಓದಿಯಾಯಿತೆಂದು ನೀನು ಹೇಳುವ ತನಕ.

ನಿಂತೇ ಓದಿದೆ. ಮತ್ತೊಮ್ಮೆ ಓದಿದೆ. ಅದು ಬಹಳ ಒಳ್ಳೆಯ ಕವಿತೆಯೇನಲ್ಲ. ಕೊನೆಯ ಸಾಲು ಇನ್ನಷ್ಟು ಬಿಗಿಯಾಗಬಹುದಿತ್ತು. ಅವಳೇ ಎದುರಿಗಿದ್ದಿದ್ದರೆ ಹಾಗೆಂದು ಹೇಳಿ ಬೈಸಿಕೊಳ್ಳುತ್ತಿದ್ದೆ. ಬದುಕಿನಲ್ಲಿ ಅವಳು ಬರೆದದ್ದು ಇದೊಂದೇ ಇರಬೇಕು. ನನಗೆಂದು ಬರೆದು, ನನ್ನ ಕಣ್ಣಿಗೆ ಬೀಳಲೆಂದು ಅಚ್ಚಿಗೆ ಕೊಟ್ಟು, ನಾನು ಆ ಪತ್ರಿಕೆಯನ್ನು ತೆರೆಯಲೇ ಇಲ್ಲವೆಂದು ತಿಳಿದು, ತನ್ನ ಪಟ್ಟಿಯಲ್ಲಿ ನನ್ನ ಕವಿತೆಗಳ ಹಾಗೆಯೇ ಹೆಸರಿಲ್ಲದ ಬೋಳು ಹಣೆಯಲ್ಲಿ ಬರೆದಿಟ್ಟು ಸುಮ್ಮನಾಗಿದ್ದಳು. ಮೂವತ್ತೇಳು ವರ್ಷ. ಅಷ್ಟು ಭಾನುವಾರ. ಅಷ್ಟು ಚಹಾ.

"ಯಾರದ್ದು ಅಂತ ಗೊತ್ತಾ ಸಾರ್?" ಗ್ರಂಥಪಾಲಕಿ ಮೆಲ್ಲಗೆ ಕೇಳಿದರು.

"ಗೊತ್ತು."

ಅವರು ಮುಂದೆ ಕೇಳಲಿಲ್ಲ. ಸೂಚಿಯಮ್ಮನ ಕೈಯಲ್ಲಿ ಪಳಗಿದವರು. ಸಂಪುಟವ‌ನ್ನು ವಾಪಸು ಇಡಲು ಕೈಚಾಚಿದವರು, ನಾನು ಕೊಡದಿದ್ದುದನ್ನು ನೋಡಿ ಏಣಿಗೆ ಒರಗಿ ನಿಂತರು. ಟ್ಯೂಬ್‌ಲೈಟು ಕೊನೆಗೂ ಹತ್ತಲು ಮನಸ್ಸು ಮಾಡಿತು.

ಮೇಲೆ ಬಂದು ಮತ್ತೆ ಪರದೆಯ ಮುಂದೆ ಕುಳಿತೆವು.

"ನಾಳೆ ಸಮಿತಿಯವರು ಕೇಳ್ತಾರೆ," ಅವರು ಹೇಳಿದರು. "ಕರ್ತೃ ಖಾಲಿ ಇದ್ರೆ ಅಜ್ಞಾತ ಅಂತ ತುಂಬಿ ಅನ್ನೋದು ಅವರ ವಾಡಿಕೆ. ಆದ್ರೆ ನಮ್ಮ ಸೂಚಿ ನಿಯಮಗಳಲ್ಲಿ ಒಂದಿದೆ, ಓದ್ತೀನಿ ಕೇಳಿ." ಡ್ರಾಯರಿನಿಂದ ಒಂದು ಸವೆದ ಕಿರುಪುಸ್ತಕ ತೆಗೆದರು. "'ಕರ್ತೃವಿನ ಅಪೇಕ್ಷೆ ಇದ್ದಲ್ಲಿ ಕರ್ತೃಸ್ಥಾನವನ್ನು ಖಾಲಿ ಬಿಡತಕ್ಕದ್ದು. ಅಜ್ಞಾತವೆಂದು ತುಂಬತಕ್ಕದ್ದಲ್ಲ.' ಬರೆದೋರು ಯಾರು ಹೇಳಿ? ನಾನು ಆಗ ಹೊಸಬಳು, ಎರಡಕ್ಕೂ ಏನು ವ್ಯತ್ಯಾಸ ಮೇಡಂ ಅಂದೆ. ಅಜ್ಞಾತ ಅಂದ್ರೆ ಯಾರೂ ಅರಿಯದವರು, ಇವರನ್ನ ನಾವು ಬಲ್ಲೆವು, ಹೇಳೋದಿಲ್ಲ ಅಷ್ಟೆ ಅಂದ್ರು."

"ಹಾಗಾದ್ರೆ ಹೀಗೇ ಇರಬಹುದು."

"ಇರಬಹುದು. ಆದ್ರೆ ಸಾರ್, ಅಪೇಕ್ಷೆ ವಾಪಸ್ ತಗೊಳ್ಳೋಕೂ ನಿಯಮ ಇದೆ. ಕರ್ತೃ ಬದುಕಿರೋವಾಗ ಒಂದು ಸಹಿ ಸಾಕು. ನಿಮ್ಮ ಹನ್ನೊಂದಕ್ಕೆ ನಿಮ್ಮ ಹೆಸರು ಈಗಲೇ ಹಾಕ್ಬಿಡ್ತೀನಿ. ಮತ್ತೆ ವಿಂಗಡಿಸಿದ್ರೆ ನಿಮ್ಮ ಅಕ್ಷರಕ್ಕೆ ಹೋಗಿ ಕೂತ್ಕೊತೀರಿ, ಎಲ್ಲರ ಹಾಗೆ."

ಎರಡು ದಿನದ ಹಿಂದೆ ಯಾರಾದರೂ ಈ ಮಾತು ಹೇಳಿದ್ದರೆ ಅವರ ಕೈ ಹಿಡಿದುಕೊಳ್ಳುತ್ತಿದ್ದೆ. ಆ ಏಳು ಕವಿತೆಗಳವನ ಕೆಳಗೆ, ಆ ಒಂದು ಸಾಲಿನ ಅಂತರದಲ್ಲಿ, ನನಗೊಂದು ಜಾಗ. ಹನ್ನೊಂದು ಸಲ ನನ್ನ ಹೆಸರು. ನಾನು ಇದ್ದೆನೆಂಬುದಕ್ಕೆ ಇಷ್ಟು ಸಾಕ್ಷಿ ಸಿಕ್ಕರೆ ಸಾಯುವವನಿಗೆ ಮತ್ತೇನು ಬೇಕು?

"ನನ್ನದಲ್ಲದ ಆ ಒಂದು?" ಎಂದು ಕೇಳಿದೆ.

"ಅದರ ಕರ್ತೃ ಬಂದು ಸಹಿ ಹಾಕ್ತಾರಾ?"

"ಇಲ್ಲ."

"ಹಾಗಾದ್ರೆ ಅದು ಅಲ್ಲೇ ಇರುತ್ತೆ. ಮೇಲೆ, ಒಂದೇ."

ಪರದೆಯನ್ನು ನೋಡಿದೆ. ಏಳು ನನ್ನವು, ಅವಳದು, ಮತ್ತೆ ನಾಲ್ಕು ನನ್ನವು. ಶೀರ್ಷಿಕೆಯ ಅಕಾರಾದಿ ತನಗೆ ತಾನೇ ಅವಳನ್ನು ನನ್ನವುಗಳ ನಡುವೆ ಮಲಗಿಸಿತ್ತು, ಆ ನೆಲದ ಮೇಲೆ, ಪುಸ್ತಕದ ಮುಂದೆ. ಸಾವಿರಾರು ಹೆಸರುಳ್ಳವರಿಗಿಂತ ಮೊದಲು ನಾವಿಬ್ಬರು. ಹೆಸರು ಹಾಕಿಕೊಂಡರೆ ನಾನು ಎದ್ದುಹೋಗುತ್ತೇನೆ, ಇನ್ನೊಂದು ಸಲ.

ಗ್ರಂಥಪಾಲಕಿ ಪಟ್ಟಿಯನ್ನು ಸಮಿತಿಗೆ ಕಳಿಸುವ ಆಜ್ಞೆ ಟೈಪ್ ಮಾಡಿ, ಎಂಟರ್ ಗುಂಡಿಯ ಮೇಲೆ ಬೆರಳಿಟ್ಟು, ಒತ್ತದೆ, ನನ್ನ ಕಡೆ ತಿರುಗಿದರು.

"ಏನ್ ಮಾಡ್ಲಿ ಸಾರ್? ಹೀಗೇ ಬಿಡ್ಲಾ?"

"ಹೂಂ," ಎಂದೆ.